ದನ ತಿಂದು ಉಳಿದ ಕವಚ

ಒಮ್ಮೆ ನನಗೆ ಜ್ವರ ಬಂದದ್ದನ್ನು ಯಾರೂ ನಂಬಲಿಲ್ಲ. ಸುಳ್ಯದಲ್ಲಿ ಡಾಕ್ಟರರ ಬಾಗಿಲ ಮುಂದೆ ಹೆಗಲ ಮೇಲಿನ ಬೈರಾಸನ್ನೇ ಹೊದ್ದು ನಡುಗುತ್ತ ಕೂತಿದ್ದೆ. ಪಕ್ಕದಲ್ಲಿದ್ದ ಪರಿಚಯದ ಹಿರಿಯರೊಬ್ಬರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಮೊಣಕೈಯಿಂದ ತಿವಿದು, "ಲಾಯ್ಕ ಉಂಟು ಮಾರಾಯ. ಯಾರದ್ದು ಇದು?" ಎಂದು ಕೇಳಿದರು.

"ನನ್ನದೇ" ಎಂದೆ, ಹಲ್ಲು ಕಟಕಟಿಸುತ್ತ.

ಅವರು ಜೋರಾಗಿ ನಕ್ಕರು.

ತಪ್ಪು ಅವರದಲ್ಲ. ಐವರ್ನಾಡಿನಿಂದ ಬೆಳ್ಳಾರೆಯವರೆಗೆ ನಾನು ಅನುಕರಿಸದೆ ಬಿಟ್ಟ ದನಿ ಇಲ್ಲ. ಬಸ್ಸಿನ ಕಂಡಕ್ಟರ್, ಮರ ಕೊಯ್ಯುವ ಮೆಷಿನ್, ಮೊಟ್ಟೆ ಇಟ್ಟದ್ದನ್ನು ಊರಿಗೆಲ್ಲ ಸಾರುವ ಕೋಳಿ, ಮದುವೆಮನೆಯಲ್ಲಿ "ಎಲ್ಲರೂ ಊಟ ಮಾಡಿಕೊಂಡೇ ಹೋಗಬೇಕು" ಎಂದು ಮೈಕಿನಲ್ಲಿ ಹೇಳಿ ತಾವೇ ಮೊದಲ ಪಂಕ್ತಿಯಲ್ಲಿ ಕೂರುವ ಯಜಮಾನರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದಾರೆ. ಕ್ಲಬ್ಬುಗಳ ವಾರ್ಷಿಕೋತ್ಸವಕ್ಕೆ ನನ್ನನ್ನು ಕರೆಯುತ್ತಾರೆ. ಕಾರ್ಯಕ್ರಮ ಕೊಡಲಿಕ್ಕಲ್ಲ. ನಾಟಕದವರು ಬಣ್ಣ ಹಚ್ಚಿ ಮುಗಿಸುವವರೆಗೆ ಜನ ಎದ್ದು ಹೋಗದಂತೆ ನೋಡಿಕೊಳ್ಳಲಿಕ್ಕೆ. ಅಂದರೆ ನಾನು ಕಾರ್ಯಕ್ರಮವಲ್ಲ, ಕಾರ್ಯಕ್ರಮ ತಡವಾದರೆ ತುಂಬಿಸುವ ಸಾಮಾನು.

ಹೀಗಿರುವಾಗ ಫೋನಿನ ಒಂದು ಗೇಮಿನಲ್ಲಿ ಆ ಕಾವಲುಗಾರನನ್ನು ಕಂಡೆ. ಕೋಟೆಯ ಬಾಗಿಲಲ್ಲಿ ಈಟಿ ಹಿಡಿದು ನಿಂತಿರುತ್ತಾನೆ. ಅವನಿಗೆ ಹೆಸರಿಲ್ಲ, ಒಂದೇ ಒಂದು ಮಾತಿಲ್ಲ. ಎದುರಿಗೆ ಹೋಗಿ ಕುಣಿದೆ, ಹಾರಿದೆ, ಸುತ್ತ ಓಡಿದೆ. ಕಣ್ಣು ಕೂಡ ಹೊರಳಿಸಲಿಲ್ಲ. ಆ ಗೇಮಿನಲ್ಲಿ ದೊಡ್ಡ ದೊಡ್ಡ ವೀರರೂ ಬಾಗಿಲಿಗೆ ಬಂದಾಗ ನಡಿಗೆ ನಿಧಾನ ಮಾಡುತ್ತಾರೆ. ಬಾಯಿಯೇ ತೆರೆಯದೆ ಇಷ್ಟು ಮರ್ಯಾದೆ ಸಂಪಾದಿಸಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಅದೇ ಸಮಯದಲ್ಲಿ ಪುತ್ತೂರಿನ ಒಂದು ಸಭಾಭವನದಲ್ಲಿ ಕಾಸ್‌ಪ್ಲೇ ಸ್ಪರ್ಧೆ ಎಂಬ ಸುದ್ದಿ ವಾಟ್ಸಾಪಿನಲ್ಲಿ ಬಂತು. ಕಾರ್ಟೂನು, ಗೇಮುಗಳ ಪಾತ್ರದ ಹಾಗೆ ವೇಷ ತೊಟ್ಟು, ಆ ಪಾತ್ರವಾಗಿಯೇ ಮೂರು ನಿಮಿಷ ವೇದಿಕೆಯಲ್ಲಿ ಇರಬೇಕು. ನಮ್ಮ ಶಾಲೆಯ ಛದ್ಮವೇಷಕ್ಕೆ ಪ್ಯಾಂಟು ಹಾಕಿಸಿದ ಹಾಗೆ. ಓದಿದ ಕೂಡಲೇ ನಿಶ್ಚಯಿಸಿದೆ. ನಾನು ಆ ಕಾವಲುಗಾರನಾಗಬೇಕು. ಒಮ್ಮೆಯಾದರೂ ನಾನು ವೇದಿಕೆಯಲ್ಲಿ ನಿಂತಾಗ ಜನ ನಗಬಾರದು.

ಅಮ್ಮನಿಗೆ ಹೇಳಿದೆ. ಮನೆಯಲ್ಲಿ ನಮ್ಮದು ಅರೆಭಾಷೆ. ಅವಳು ಅದರಲ್ಲಿ ಬೈದದ್ದನ್ನು ಎಲ್ಲರಿಗೂ ತಿಳಿಯಲಿ ಎಂದು ಇಲ್ಲಿ ಸ್ವಲ್ಪ ಬದಲಿಸಿ ಬರೆಯುತ್ತಿದ್ದೇನೆ.

"ಮೂರು ನಿಮಿಷ ನೀನು ಬಾಯಿ ಮುಚ್ಚಿ ನಿಲ್ಲುದಾ? ನಿದ್ದೆಯಲ್ಲೇ ನಿನಗೆ ಆಗುದಿಲ್ಲ. ಮೊನ್ನೆ ಮಲಗಿದಲ್ಲೇ 'ಪುತ್ತೂರು, ಪುತ್ತೂರು, ಮುಂದೆ ಹೋಗಿ' ಅಂತ ಹೇಳ್ತಾ ಇದ್ದಿ."

"ಇದು ಬೇರೆ ಅಮ್ಮ."

"ಎಂತ ಬೇರೆ? ಬಾಯಿ ಅದೇ ಅಲ್ವಾ?"

ಕವಚ ಮಾಡುವುದು ಹೇಗೆಂದು ವಿಡಿಯೊ ನೋಡಿದೆ. ಒಬ್ಬ ವಿದೇಶದ ಮಹಾಶಯ. "ಎಲ್ಲರ ಮನೆಯಲ್ಲೂ ಇರುವ ಸಾಮಾನಿನಿಂದ ಅಗ್ಗದ ಕವಚ" ಎಂದು ಆರಂಭಿಸಿ, ನಗುನಗುತ್ತ ಬಿಸಿಗಾಳಿಯ ಗನ್ ಹೊರತೆಗೆದ. ಆಮೇಲೆ ದಪ್ಪ ಫೋಮಿನ ಹಾಳೆಗಳು, ಅಂಟಿನ ಗನ್, ಉಜ್ಜುವ ಮೆಷಿನ್. ನಮ್ಮ ಮನೆಯಲ್ಲಿ ಗನ್ ಅಂತ ಇರುವುದು ಮಂಗ ಓಡಿಸುವ ಪಿವಿಸಿ ಪೈಪಿನದ್ದು ಮಾತ್ರ, ಅದೂ ಒಮ್ಮೆ ಸದ್ದು ಮಾಡಿದರೆ ಮಂಗಗಳು ಇನ್ನೊಮ್ಮೆ ಹೊಡೆಯಲಿ ಎಂದು ಕಾದು ಕೂರುತ್ತವೆ. ಫೋಮಿನ ಬೆಲೆ ನೋಡಿ ಫೋನನ್ನು ಮಗುಚಿ ಇಟ್ಟೆ. ಬೆಳ್ಳಾರೆಯಲ್ಲಿ ರಿಕ್ಷಾ, ಜೀಪುಗಳ ಸೀಟು ಹೊಲಿಯುವ ಅಂಗಡಿ ನಡೆಸುವ ನನ್ನ ಗೆಳೆಯ ಆಗ ಒಂದು ಮಾತು ಹೇಳಿದ. ಅವನ ಮನೆಯಲ್ಲಿ ಬ್ಯಾರಿ ಭಾಷೆ, ನಮ್ಮಲ್ಲಿ ಅರೆಭಾಷೆ, ನಾವಿಬ್ಬರೂ ಜಗಳವಾಡುವುದು ತುಳುವಿನಲ್ಲಿ.

"ಬಾಡಿಗೆಗೆ ತಾ ಮಾರಾಯ. ಪುತ್ತೂರಲ್ಲಿ ಸಿಕ್ತದೆ. ರಾಜನ ಡ್ರೆಸ್ಸು."

"ಅವ ರಾಜ ಅಲ್ಲ, ಕಾವಲುಗಾರ."

"ಹಾಗಾದ್ರೆ ಏಟಿಎಮ್ಮಿನ ಅಣ್ಣನ ಯೂನಿಫಾರಂ ಕೇಳು."

ನನಗೆ ರೋಷ ಬಂತು. ಬಾಡಿಗೆಯ ವೇಷದಲ್ಲಿ ಯಾರೋ ಬೇರೆಯವರ ಬೆವರು ಇರುತ್ತದೆ. ಇನ್ನೊಬ್ಬರ ದನಿಯಲ್ಲೇ ಬದುಕಿದವನು ಅಂಗಿಯನ್ನಾದರೂ ಸ್ವಂತ ಹಾಕಬೇಡವೆ?

ಅಮ್ಮ ಕೆಲಸಕ್ಕೆ ಹೋಗುವುದು ಹಾಳೆತಟ್ಟೆ ಮಾಡುವಲ್ಲಿಗೆ. ಅಡಿಕೆ ಮರದಿಂದ ಸೋಗೆಯ ಜತೆ ಉದುರುವ ದಪ್ಪ ಹಾಳೆಯನ್ನು ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಬಿರುಕು ಬಿಟ್ಟದ್ದು, ಸಣ್ಣದು, ಕಪ್ಪು ಕಲೆ ಇದ್ದದ್ದು ತಟ್ಟೆಗೆ ಆಗುವುದಿಲ್ಲ. ಅದನ್ನು ಅಮ್ಮ ಕಟ್ಟು ಕಟ್ಟಿ ನಮ್ಮ ದನಕ್ಕೆಂದು ತರುತ್ತಾಳೆ. ಆ ಕಟ್ಟಿನ ಮುಂದೆ ಕೂತು ನಾನು ಯೋಚಿಸಿದೆ. ಒದ್ದೆಯಿದ್ದಾಗ ಚರ್ಮದ ಹಾಗೆ ಬಾಗುತ್ತದೆ, ಒಣಗಿದರೆ ಹಲಗೆಯ ಹಾಗೆ ನಿಲ್ಲುತ್ತದೆ. ಫೋಮಿನ ಹಾಳೆಗೆ ಹಣ ಇಲ್ಲದವನ ಮನೆಗೆ ಅಡಿಕೆಯ ಹಾಳೆ ತಾನಾಗಿ ತಲೆಹೊರೆಯಲ್ಲಿ ಬರುತ್ತಿತ್ತು. ದನದ ಊಟಕ್ಕೆ ಕೈ ಹಾಕಿದೆ.

ನೀರಲ್ಲಿ ನೆನೆಸಿದ ಹಾಳೆಯನ್ನು ಎದೆಯ ಆಕಾರಕ್ಕಾಗಿ ಅಲ್ಯೂಮಿನಿಯಂ ಕೊಡಪಾನದ ಮೇಲೆ ಹೊದೆಸಿ ಹಗ್ಗದಲ್ಲಿ ಬಿಗಿದೆ. ನನ್ನ ಎದೆಯ ಮೇಲೆಯೇ ಅಚ್ಚು ತೆಗೆಯಬಹುದಿತ್ತು. ಆದರೆ ಕಾವಲುಗಾರನಿಗೆ ಎದೆ ಇರಬೇಕು, ನನ್ನಲ್ಲಿ ಇರುವುದು ಕೊಡೆಯ ಕಡ್ಡಿಗಳು. ಮೊಣಕಾಲಿಗೆ ತೆಂಗಿನ ಗೆರಟೆ. ಬೆನ್ನಿನ ಹಾಳೆ ಸುರುಳಿಯಾಗದಂತೆ ಅದರ ಮೇಲೆ ಕಡೆಯುವ ಕಲ್ಲು ಇಟ್ಟೆ. ಆ ದಿನ ಅಮ್ಮ ದೋಸೆಗೆ ಅಕ್ಕಿ ರುಬ್ಬಲು ಬಂದು ಕಲ್ಲು ಕಾಣದೆ ಬೊಬ್ಬೆ ಹಾಕಿದಳು. ತಲೆಗೆ ತೋಟದ ಕೆಲಸದವರು ಇಡುವ ಹಾಳೆಯ ಟೊಪ್ಪಿಯ ಹಾಗೆಯೇ ಮಡಚಿ, ಹಿಂದೆ ಕುತ್ತಿಗೆ ಮುಚ್ಚುವಂತೆ ಉದ್ದ ಬಿಟ್ಟೆ. ಅಂಗಳದಲ್ಲಿ ಅದನ್ನು ಇಟ್ಟು ನೋಡುತ್ತಿದ್ದಾಗ ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಬೈಕು ನಿಲ್ಲಿಸಿ ಕೇಳಿದರು: "ಎಂತ, ಕಂಬಳಕ್ಕಾ? ಕೋಣ ಎಲ್ಲಿ?" "ನೀವು ಬರ್ತೀರಿ ಅಂತ ಕಾಯ್ತಾ ಇದ್ದೆ" ಎಂದೆ. ಬೈಕು ಹೊರಟಿತು. ಗೆಳೆಯ ರೆಕ್ಸಿನಿನ ತುಂಡುಗಳಿಂದ ಪಟ್ಟಿ ಹೊಲಿದು ಕೊಟ್ಟ. ಅದರಲ್ಲಿ ಒಂದು ಪಟ್ಟಿಯ ಮೇಲೆ "ಪ್ರಯಾಣಿಕರ ಗಮನಕ್ಕೆ" ಎಂದು ಅಚ್ಚಾಗಿತ್ತು. ಒಳಮುಖ ಮಾಡಿ ಹೊಲಿಯಲು ಹೇಳಿದೆ.

ಭುಜಕ್ಕೆ ಮೂರು ಪದರದ ಹಾಳೆ. ಅದೇ ನನ್ನ ಹೆಮ್ಮೆ. ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಕೂರಿಸಿ ಹೊಲಿದಿದ್ದೆ. ಅಂಗಳದಲ್ಲಿ ಇಟ್ಟರೆ ಇಬ್ಬನಿ ಬೀಳುತ್ತದೆಂದು ದನದ ಹಟ್ಟಿಯ ಮಾಡಿನ ಕೆಳಗೆ, ಗಾಳಿಯಾಡುವ ಜಾಗ ನೋಡಿ ತೂಗುಹಾಕಿದೆ. ಬೆಳಗ್ಗೆ ಹಾಲು ಕರೆಯಲು ಹೋದ ಅಮ್ಮ ಕರೆದಳು.

"ಬಾ, ನಿನ್ನ ಕಾವಲುಗಾರನನ್ನು ನೋಡು."

ಬಲಗಡೆಯ ಭುಜ ಪೂರ್ತಿ ಮಾಯವಾಗಿತ್ತು. ದನ ಬಾಯಿಯಂಚಿನಿಂದ ರೆಕ್ಸಿನಿನ ಪಟ್ಟಿಯನ್ನು ಹೊರಹಾಕಿ, ಶಾಂತವಾಗಿ ಮೆಲುಕು ಹಾಕುತ್ತಿತ್ತು. ಅದಕ್ಕೆ ಅದು ಭುಜವಲ್ಲ. ಯಾರೋ ಪುಣ್ಯಾತ್ಮ ಬಾಯಿಯೆತ್ತರಕ್ಕೆ ಕಟ್ಟಿಕೊಟ್ಟ ತಿಂಡಿ. ಅದರ ಊಟವನ್ನು ಮೊದಲು ಕದ್ದವನು ನಾನು, ಆದ್ದರಿಂದ ಬೈಯಲು ಬಾಯಿ ಬರಲಿಲ್ಲ. ಆದರೂ ಬೈದೆ, ಅದರದೇ ದನಿಯಲ್ಲಿ. ಅದು ತಲೆಯೆತ್ತಿ ಉತ್ತರ ಕೊಟ್ಟಿತು. ಅಮ್ಮ ಗೋಡೆ ಹಿಡಿದು ನಕ್ಕಳು.

"ಬಿಡು ಮಗ. ಅವರು ಹೇಗೂ ನಿನ್ನ ಕಂಡಕ್ಟರನ್ನೇ ಕೇಳುದು. ಎಂತಕ್ಕೆ ಈ ಪಿರಿಪಿರಿ?"

ಬಿಡಲಿಲ್ಲ. ಅಲ್ಲಿಯವರೆಗೆ ಆಸೆಯಾಗಿದ್ದದ್ದು ಆ ಮಾತಿನಿಂದ ಹಟವಾಯಿತು. ಹೊಸ ಭುಜ ಮಾಡಿದೆ. ದನಕ್ಕೆ ರುಚಿಸಬಾರದು, ಹಾಗೆಯೇ ಲೋಹದ ಹಾಗೆ ನುಣ್ಣಗೆ ಕಾಣಬೇಕು ಎಂದು ಒಂದು ಉಪಾಯ ತೆಗೆದೆ. ಮನೆಯ ಹಿಂದೆ ನಮ್ಮವೇ ಕೆಲವು ರಬ್ಬರ್ ಮರಗಳಿವೆ. ಮರದಿಂದ ಇಳಿಸಿದ ಹಸಿ ರಬ್ಬರ್ ಹಾಲನ್ನು ಬ್ರಶ್ಶಿನಲ್ಲಿ ಇಡೀ ಕವಚಕ್ಕೆ ಬಳಿದೆ. ಒಣಗಿದಾಗ ಹಾಳೆಯ ಗೀರುಗಳೆಲ್ಲ ಮುಚ್ಚಿ ಮೈಯ ಚರ್ಮದ ಹಾಗಾಯಿತು. ದನ ಮೂಸಿ ಮುಖ ತಿರುಗಿಸಿತು. ನಾನು ಗೆದ್ದೆ ಎಂದುಕೊಂಡು, ಗೇಟಿಗೆ ಹೊಡೆಯುವ ಬೆಳ್ಳಿಬಣ್ಣದ ಆಯಿಲ್ ಪೇಂಟನ್ನು ಅದರ ಮೇಲೆ ಹೊಡೆದೆ.

ಏನು ಹೊಳಪು! ಆದರೆ ಅದು ಒಣಗಲಿಲ್ಲ. ಮರುದಿನವೂ ಒಣಗಲಿಲ್ಲ. ಪೇಂಟು ತಾಗಿದ ರಬ್ಬರು ಮೆತ್ತಗಾಗಿ, ಮುಟ್ಟಿದ್ದನ್ನೆಲ್ಲ ಹಲಸಿನ ಮೇಣದ ಹಾಗೆ ಹಿಡಿಯುತ್ತಿತ್ತು. ಒಂದು ತರಗೆಲೆ, ಎರಡು ಇರುವೆ, ಅಮ್ಮನ ಸೀರೆಯ ಸೆರಗು.

"ರಬ್ಬರಿಗೆ ಆಯಿಲ್ ಪೇಂಟ್ ಆಗುದಿಲ್ಲ ಅಂತ ಯಾರಾದ್ರೂ ಹೇಳ್ಬಹುದಿತ್ತು" ಎಂದೆ ಗೆಳೆಯನಿಗೆ.

"ಯಾರನ್ನು ಕೇಳಿದ್ದಿ?"

"ನೀನಿದ್ದಿಯಲ್ಲ!"

"ನಾನು ಸೀಟು ಹೊಲಿಯುವವ. ಸೀಟಿಗೆ ಯಾರು ಪೇಂಟ್ ಹೊಡೀತಾರೆ ಮಾರಾಯ?"

ಕೊನೆಗೆ ಅವನೇ ದಾರಿ ತೋರಿಸಿದ. ಟ್ಯೂಬು ಅಂಟಿಕೊಳ್ಳದಿರಲು ಪಂಕ್ಚರಿನವರು ಪೌಡರ್ ಹಾಕುವುದನ್ನು ನೋಡಿದ್ದನಂತೆ. ಮುಖಕ್ಕೆ ಹಾಕುವ ಪೌಡರಿನ ಡಬ್ಬಿ ತಂದು ಕವಚಕ್ಕೆಲ್ಲ ಹಾಕಿ ಉಜ್ಜಿದೆವು. ಅಂಟು ಹೋಯಿತು. ಬೆಳ್ಳಿ ಹೋಗಿ ಹಳೆಯ ಕಬ್ಬಿಣದ ಬೂದುಬಣ್ಣ ಬಂತು, ಗೇಮಿನಲ್ಲಿದ್ದವನಿಗಿಂತಲೂ ಹೆಚ್ಚು ಯುದ್ಧ ನೋಡಿದವನ ಹಾಗೆ. ಒಂದೇ ಕೊರತೆಯೆಂದರೆ ಆ ಭಯಂಕರ ಕಾವಲುಗಾರ ಈಗ ತಾನೇ ಸ್ನಾನ ಮಾಡಿಸಿದ ಹಸುಗೂಸಿನ ಹಾಗೆ ಘಮಘಮಿಸುತ್ತಿದ್ದ. ಸ್ಪರ್ಧೆಯ ದಿನ ಬೆಳ್ಳಾರೆಯಿಂದ ಪುತ್ತೂರಿಗೆ ಬಸ್ಸಿನಲ್ಲಿ ನಾನೂ ಗೆಳೆಯನೂ ಕವಚವನ್ನು ಗೋಣಿಯೊಳಗೆ ಇಟ್ಟುಕೊಂಡು ಕೂತಿದ್ದೆವು. ಎದುರು ಸೀಟಿನ ಹೆಂಗಸೊಬ್ಬರು ಮೂಗರಳಿಸಿ, ಹಿಂದೆ ತಿರುಗಿ, ಕೆಳಗೆ ಬಗ್ಗಿ, "ಮಗು ಎಲ್ಲಿ?" ಎಂದು ಗಾಬರಿಯಿಂದ ಕೇಳಿದರು.

ಸಭಾಭವನದ ಬಾಗಿಲಲ್ಲೇ ಸಂಘಟಕ ಸಿಕ್ಕಿದ. ನನಗಿಂತ ಸ್ವಲ್ಪ ದೊಡ್ಡವನು, ಕೈಯಲ್ಲಿ ಮೈಕು. ಅವನ ಕ್ಲಬ್ಬಿನಲ್ಲೂ ನಾನು ಎಷ್ಟೋ ಬಾರಿ ಖಾಲಿ ಹೊತ್ತು ತುಂಬಿಸಿದ್ದೆ.

"ಓ, ಬಂದ ನಮ್ಮ ಮಿಮಿಕ್ರಿ! ನಿನ್ನನ್ನು ಹಾಸ್ಯ ವಿಭಾಗಕ್ಕೆ ಹಾಕಿದ್ದೇನೆ."

"ನಾನು ಮುಖ್ಯ ವಿಭಾಗಕ್ಕೆ ಹೆಸರು ಕೊಟ್ಟದ್ದು."

ಅವನು ಗೋಣಿಯೊಳಗೆ ಇಣುಕಿದ. "ಇದು ಹಾಳೆ ಅಲ್ವಾ? ಮುಖ್ಯ ವಿಭಾಗದಲ್ಲಿ ಬೆಂಗಳೂರಿಂದ ತರಿಸಿದ್ದೆಲ್ಲ ಉಂಟು ಮಾರಾಯ, ಲೈಟ್ ಹೊತ್ತುವಂಥದ್ದು. ಹಾಸ್ಯದಲ್ಲಿ ನಿಂಗೆ ಫಸ್ಟ್ ಗ್ಯಾರಂಟಿ. ಈ ಡ್ರೆಸ್ಸಲ್ಲಿ ನಿಂತು ಕಂಡಕ್ಟರ್ ಮಾಡಿದ್ರೆ ಆಯ್ತು. ಎಂತಕ್ಕೆ ಬೇಡ?"

"ನನ್ನ ಪಾತ್ರ ಹಾಸ್ಯದ್ದಲ್ಲ."

ಅವನು ಹೊಟ್ಟೆ ಹಿಡಿದು ನಕ್ಕ. "ಇದೇ! ಇದನ್ನೇ ಸ್ಟೇಜಲ್ಲಿ ಹೇಳು!"

ನಾನು ನಗಲಿಲ್ಲ. ಗೆಳೆಯನೂ ನಗಲಿಲ್ಲ; ಆ ಒಂದು ಕಾರಣಕ್ಕೆ ಅವನ ಅಂಗಡಿಯ ಸೀಟುಗಳನ್ನು ಇನ್ನು ಮುಂದೆ ಹೀಯಾಳಿಸಬಾರದೆಂದು ತೀರ್ಮಾನಿಸಿದೆ. ಆ ತೀರ್ಮಾನ ಸಂಜೆಯವರೆಗೆ ಉಳಿಯಿತು. "ಹೆಸರು ಮುಖ್ಯ ವಿಭಾಗದಲ್ಲೇ ಇರಲಿ. ಮೂರು ನಿಮಿಷ ನನ್ನದು. ಅದ್ರಲ್ಲಿ ನಾನು ಎಂತ ಮಾಡುದು, ಮಾಡದೆ ಇರುದು, ನನ್ನ ಲೆಕ್ಕ" ಎಂದೆ. ಅವನು ಭುಜ ಕುಣಿಸಿ, "ಮರ್ಯಾದೆ ಹೋದ್ರೆ ನನ್ನತ್ರ ಬರ್ಬೇಡ" ಎಂದು ಹೋದ.

ನನಗಿಂತ ಮೊದಲು ಬಂದದ್ದು ದೊಡ್ಡ ರೆಕ್ಕೆಗಳ ಒಬ್ಬ ದೇವದೂತ. ರೆಕ್ಕೆಯಲ್ಲಿ ದೀಪ, ಕಾಲ ಬುಡದಲ್ಲಿ ಹೊಗೆ, ಕೊನೆಗೆ ಢಂ ಎಂದು ಬಣ್ಣದ ಕಾಗದದ ಚೂರುಗಳು ಹಾರಿ ವೇದಿಕೆಯೆಲ್ಲ ತುಂಬಿದವು. ಚಪ್ಪಾಳೆಯೋ ಚಪ್ಪಾಳೆ. ಒಳಗೆ ಕಾಯುತ್ತ ನಿಂತಿದ್ದ ನಾನು ಕವಚದೊಳಗೆ ಬೆವರುತ್ತಿದ್ದೆ. ಪೌಡರು ಬೆವರನ್ನು ಕುಡಿದು ಎಷ್ಟು ಹೊತ್ತು ಬದುಕೀತು? ಎದೆಯ ಮೇಲೆ ಕೈಯಿಟ್ಟು ನೋಡಿದೆ. ಕೈ ಸುಲಭವಾಗಿ ವಾಪಸ್ಸು ಬರಲಿಲ್ಲ.

"ಈಗ ನಿಮ್ಮೆಲ್ಲರ ಅಚ್ಚುಮೆಚ್ಚಿನ, ನಗೆಯ ಬುತ್ತಿ..." ಎಂದು ಸಂಘಟಕ ಮೈಕಿನಲ್ಲಿ ಆರಂಭಿಸಿದ. ನಾನು ಹೊರಗೆ ಬರುವ ಮೊದಲೇ ಸಭೆ ನಕ್ಕಿತು.

ನಡುವೇದಿಕೆಗೆ ಹೋಗಿ, ಬಿದಿರಿನ ಈಟಿ ಊರಿ, ನೆಟ್ಟಗೆ ನಿಂತೆ. ಮೂಲೆಯಲ್ಲಿ ಒಂದು ದೊಡ್ಡ ಫ್ಯಾನು ತಿರುಗುತ್ತಿತ್ತು. ಅದು ನನ್ನ ಕಡೆ ಮುಖ ಮಾಡಿದಾಗ ದೇವದೂತ ಬಿಟ್ಟು ಹೋದ ಕಾಗದದ ಚೂರುಗಳು ಎದ್ದು ಬಂದವು. ಒಂದು ಎದೆಗೆ ಅಂಟಿತು. ಒಂದು ಗಲ್ಲಕ್ಕೆ. ಆಮೇಲೆ ಹಿಂಡುಹಿಂಡಾಗಿ. ಗುಲಾಬಿ, ಹಸಿರು, ಬಂಗಾರದ ಬಣ್ಣ. ಕ್ಷಣಮಾತ್ರದಲ್ಲಿ ಕೋಟೆಯ ಕಾವಲುಗಾರ ಮದುವೆಯ ಕಾರಿನ ಹಾಗಾದ.

"ಮದುಮಗ ಬಂದ!" ಎಂದು ಯಾರೋ ಕೂಗಿದರು. ಸಭೆ ಬಿದ್ದುಬಿದ್ದು ನಕ್ಕಿತು. "ಕಂಡಕ್ಟರ್ ಮಾಡು! ಕೋಳಿ ಮಾಡು!"

ನನ್ನ ಗಂಟಲಿನ ಬಾಡಿಗೆದಾರರೆಲ್ಲ ಎದ್ದು ಬಾಗಿಲಿಗೆ ಬಂದರು. ಕಂಡಕ್ಟರನ ಒಂದೇ ಒಂದು "ಎದುರು ಬಾಗಿಲಲ್ಲಿ ಇಳಿಯಿರಿ" ಸಾಕಿತ್ತು; ಇಡೀ ಅವಮಾನ ನನ್ನದೇ ತಮಾಷೆಯಾಗಿ ಬದಲಾಗುತ್ತಿತ್ತು. ಬದುಕಿನಲ್ಲಿ ನಾನು ಬಿದ್ದಾಗಲೆಲ್ಲ ಹಾಗೆಯೇ ಎದ್ದದ್ದು. ನಾನೇ ಮೊದಲು ನಕ್ಕರೆ ಯಾರೂ ನನ್ನನ್ನು ನೋಡಿ ನಗಲಾರರು ಎಂಬ ಲೆಕ್ಕ. ನಾಲಿಗೆ ಹಲ್ಲಿನವರೆಗೆ ಬಂತು. ಹಲ್ಲು ಕಚ್ಚಿದೆ. ನಗುವುದಾದರೆ ನೀವು ನಗಿ. ನಿಮಗೆ ನಾನು ಇವತ್ತು ಸಹಾಯ ಮಾಡುವುದಿಲ್ಲ.

ಆಮೇಲೆ ಸಭೆ ನಿಶ್ಶಬ್ದವಾಯಿತು, ಎಲ್ಲರ ಕಣ್ಣಲ್ಲಿ ಗೌರವ ಮೂಡಿತು ಎಂದು ಬರೆಯಲು ನನಗೂ ಆಸೆಯಿದೆ. ಹಾಗೇನೂ ಆಗಲಿಲ್ಲ. ಅವರು ನಕ್ಕು ನಕ್ಕು ಸುಸ್ತಾದರು. ನಾನು ಅಲುಗಲಿಲ್ಲ. ಕೆಲವರು ಮತ್ತೊಮ್ಮೆ ಕೂಗಿ ನೋಡಿದರು. ನಾನು ಅಲುಗಲಿಲ್ಲ. ಕೊನೆಗೆ ಬೇಸರ ಬಂದು ಫೋನು ತೆಗೆದು ಕೆಳಗೆ ನೋಡತೊಡಗಿದರು. ನನ್ನ ಎದುರು ಕೂತವರಿಗೆ ಬೇಸರ ಬಂದದ್ದು ಅದೇ ಮೊದಲು. ಆ ಬೇಸರವನ್ನು ನಾನು ಪದಕದ ಹಾಗೆ ಎದೆಗೆ ಅಂಟಿಸಿಕೊಂಡೆ. ಅಲ್ಲಿ ಹೇಗೂ ಎಲ್ಲವೂ ಅಂಟುತ್ತಿತ್ತು.

ಗಂಟೆ ಬಾರಿಸಿದಾಗ ಇಳಿದು ಬಂದೆ. ಸ್ವಲ್ಪ ಹೊತ್ತಿನಲ್ಲೇ ಸಂಘಟಕ ಓಡಿ ಬಂದ. ಬಹುಮಾನ ಕೊಡುವ ಅತಿಥಿ ಇನ್ನೂ ದಾರಿಯಲ್ಲಿದ್ದರಂತೆ.

"ಒಂದು ಹತ್ತು ನಿಮಿಷ ಎಂತಾದ್ರೂ ಮಾಡು ಮಾರಾಯ. ಜನ ಏಳ್ತಾ ಇದ್ದಾರೆ. ನಿಂಗೆ ಸಮಾಧಾನಕರ ಬಹುಮಾನ ಕೊಡಿಸ್ತೇನೆ."

ಮತ್ತೆ ನಾನು ಅದೇ ತುಂಬಿಸುವ ಸಾಮಾನು. ಈಟಿ ತೆಗೆದುಕೊಂಡು, ಸಭೆಯ ನಡುವಿನಿಂದಲೇ ನಡೆದು, ಸಭಾಭವನದ ಹೊರಬಾಗಿಲಿಗೆ ಹೋಗಿ ನಿಂತೆ. ವೇದಿಕೆ ಅವನದು, ಮೈಕು ಅವನದು. ಆದರೆ ಬಾಗಿಲು ಯಾವಾಗಲೂ ಕಾವಲುಗಾರನದು.

"ಇಲ್ಲಿ ಎಂತ ಮಾಡ್ತಿ? ಹುಚ್ಚಾ ನಿಂಗೆ?" ಎಂದು ಗೆಳೆಯ ಪಿಸುಗುಟ್ಟಿದ. ಆಮೇಲೆ, ವೇದಿಕೆಯದ್ದನ್ನು ತೆಗೆದ ಹಾಗೆಯೇ, ಫೋನು ಹಿಡಿದು ಇದನ್ನೂ ವಿಡಿಯೊ ಮಾಡತೊಡಗಿದ.

ಬಂದವರು ಹೋದವರು ನೋಡಿದರು. ಒಬ್ಬ ನನ್ನ ಎದೆಯಿಂದ ಬಂಗಾರದ ಚೂರೊಂದನ್ನು ಕಿತ್ತು ತನ್ನ ಹೆಂಡತಿಯ ಹಣೆಗೆ ಅಂಟಿಸಿ ಫೋಟೊ ತೆಗೆದ. ಮೂಗಿನ ಮೇಲೆ ನೊಣ ಕೂತಿತು. ಕೂರಲಿ ಎಂದು ಬಿಟ್ಟೆ.

ಅಷ್ಟರಲ್ಲಿ ಒಬ್ಬರು ಅಜ್ಜಿ ರಿಕ್ಷಾದಿಂದ ಇಳಿದು, ಕೈಚೀಲ ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಬಂದರು. ವೇದಿಕೆಯಲ್ಲಿ ಏನಾಯಿತೆಂದು ಅವರಿಗೆ ಗೊತ್ತಿಲ್ಲ. ನಾನು ಯಾರು, ಯಾವ ಕೋಳಿಯ ದನಿ ಮಾಡುತ್ತೇನೆ ಎಂದೂ ಗೊತ್ತಿಲ್ಲ. ಬಾಗಿಲಿಗೆ ಬಂದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿಂತರು. ಸೆರಗು ಸರಿಮಾಡಿಕೊಂಡರು.

"ನನ್ನ ಪುಳ್ಳಿ, ಮಗಳ ಮಗು, ಒಳಗೆ ಉಂಟು, ಚಿಟ್ಟೆಯ ವೇಷ" ಎಂದರು, ದನಿ ತಗ್ಗಿಸಿ. "ಹೋಗ್ಬಹುದಾ?"

ಈಟಿಯನ್ನು ಪಕ್ಕಕ್ಕೆ ಸರಿಸಿದೆ. ಅವರು ತಲೆ ಸ್ವಲ್ಪ ಬಗ್ಗಿಸಿ ಒಳಗೆ ಹೋದರು.

ಬಹುಮಾನ ದೇವದೂತನಿಗೆ ಹೋಯಿತು. ಅವನ ರೆಕ್ಕೆ ಬಾಗಿಲಲ್ಲಿ ಹಿಡಿಯದೆ ಅಡ್ಡಡ್ಡ ತಿರುಗಿ ಹೊರಬರಬೇಕಾಯಿತು. ಅವನೂ ನನ್ನ ಮುಂದೆ ನಡಿಗೆ ನಿಧಾನ ಮಾಡಿದ. ಕಾರಣ ರೆಕ್ಕೆಯೇ ಇರಬಹುದು. ನಾನು ವಿಚಾರಿಸಲು ಹೋಗಲಿಲ್ಲ.

ಮನೆಯಲ್ಲಿ ಅಮ್ಮ ಗೆಳೆಯನ ವಿಡಿಯೊವನ್ನು ಮೊದಲಿಂದ ಕೊನೆಯವರೆಗೆ ನೋಡಿದಳು. ಮದುವೆಯ ಕಾರಿನ ಭಾಗಕ್ಕೆ ಕಣ್ಣೀರು ಬರುವಷ್ಟು ನಕ್ಕಳು. ಅಜ್ಜಿಯ ಭಾಗಕ್ಕೆ ನಗಲಿಲ್ಲ. ಅದನ್ನು ಹಿಂದೆ ಸರಿಸಿ ಮತ್ತೊಮ್ಮೆ ಹಾಕಿಸಿದಳು.

"ನೊಣ ಕೂತರೂ ಓಡಿಸ್ಲಿಲ್ಲ ನೀನು."

"ಇಲ್ಲ."

"ಎಡಗಡೆಯ ಭುಜ ಓರೆ ಉಂಟು" ಎಂದಳು. "ಸಣ್ಣ ಹಾಳೆಯಲ್ಲಿ ಮಾಡಿದ್ರೆ ಹಾಗೆಯೇ. ನಾಳೆ ಅಗಲದ್ದು ಸಿಕ್ಕಿದ್ರೆ ಕೇಳಿ ತರ್ತೇನೆ, ಕಲೆ ಇಲ್ಲದ್ದು."

ಮರುವಾರ ಸಂಘಟಕ ಫೋನು ಮಾಡಿದ. ಅವರ ವಾರ್ಷಿಕೋತ್ಸವ, ನಾಟಕದವರಿಗೆ ಬಣ್ಣ ಹಚ್ಚಲು ಹೊತ್ತು ಬೇಕು, ಬರುತ್ತೀಯಾ ಎಂದು. ಕಂಡಕ್ಟರನ ದನಿಯಲ್ಲೇ ಹೇಳಿದೆ: "ಬಸ್ಸು ಫುಲ್ ಉಂಟು. ಕರೆಯುವುದಾದ್ರೆ ಕಾರ್ಯಕ್ರಮದ ಪಟ್ಟಿಯಲ್ಲಿ ಹೆಸರು ಹಾಕಿ ಕರೆಯಿರಿ. ಮಿಮಿಕ್ರಿಯೋ ಕಾವಲುಗಾರನೋ, ಯಾರು ಬರುದು ಅಂತ ನಾನು ಹೇಳ್ತೇನೆ." ಅವನು ನಕ್ಕ. ನಾನು ನಗದೆ ಕಾದೆ. ಅವನ ನಗು ನಿಂತಿತು. "ಆಯ್ತು, ಕಮಿಟಿಯಲ್ಲಿ ಕೇಳಿ ಹೇಳ್ತೇನೆ" ಎಂದ.

ಅವನ ಕಮಿಟಿ ಇನ್ನೂ ಕೂತಿಲ್ಲ. ಕೂರದಿದ್ದರೆ ಬೇಡ. ಕವಚ ಈಗ ಚಾವಡಿಯ ಮೊಳೆಯಲ್ಲಿ, ದನದ ನಾಲಿಗೆಗೆ ಎಟುಕದ ಎತ್ತರದಲ್ಲಿ ನೇತಾಡುತ್ತಿದೆ. ಗುಲಾಬಿ, ಬಂಗಾರದ ಚೂರುಗಳು ಅದರಲ್ಲೇ ಇವೆ. ಕೀಳಲು ನೋಡಿದೆ, ಬರಲಿಲ್ಲ, ಆಮೇಲೆ ಬೇಡವೆನಿಸಿತು. ಅಮ್ಮ ತಂದ ಅಗಲದ ಹಾಳೆ ಕಡೆಯುವ ಕಲ್ಲಿನ ಅಡಿಯಲ್ಲಿ ಒಣಗುತ್ತಿದೆ. ಇವತ್ತು ನಮ್ಮಲ್ಲಿ ದೋಸೆ ಇಲ್ಲ.